ಅಲುಗಾಡಿದ ಐವತ್ತೆರಡು ತಲೆಗಳು

ಫೆಬ್ರವರಿ 9

ಮಾನ್ಯರೇ,

ನಮ್ಮ ಮಿದುಳಿನ ಅಧ್ಯಯನದಲ್ಲಿ ಪಾಲ್ಗೊಂಡಿದ್ದಕ್ಕಾಗಿ ವಂದನೆಗಳು. ನಿಮ್ಮ ಕ್ರಮಸಂಖ್ಯೆ 63. ತಾಂತ್ರಿಕ ಕಾರಣದಿಂದ (ಸಂಕೇತ 4: ಚಲನೆ) ನಿಮ್ಮ ಸ್ಕ್ಯಾನನ್ನು ಅಧ್ಯಯನದಿಂದ ಕೈಬಿಡಲಾಗಿದೆ ಎಂದು ತಿಳಿಸಲು ವಿಷಾದಿಸುತ್ತೇವೆ. ನಿಮ್ಮ ಕಡೆಯಿಂದ ಮುಂದೆ ಯಾವ ಕ್ರಮವೂ ಬೇಕಾಗಿಲ್ಲ.

ಇದು ಕಂಪ್ಯೂಟರ್ ಸಿದ್ಧಪಡಿಸಿದ ಪತ್ರ. ಸಹಿಯ ಅಗತ್ಯವಿಲ್ಲ.

ಸಂಶೋಧನಾ ವಿಭಾಗ


ಫೆಬ್ರವರಿ 15

ಕಂಪ್ಯೂಟರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಕೈಸೇರಿತು. ಸಹಿ ಇಲ್ಲದ ಕಾಗದಕ್ಕೆ ಯಾರ ಹೆಸರಿಗೆ ಉತ್ತರ ಬರೆಯುವುದೆಂದು ಎರಡು ದಿನ ತಲೆ ಕೆರೆದುಕೊಂಡೆ. ಬರೆದವರಿಗೇ ಬರೆದರಾಯಿತು ಎಂದು ಈಗ ಕೂತಿದ್ದೇನೆ.

ನಾನು ಟೈಲರ್. ವಯಸ್ಸು ಐವತ್ನಾಲ್ಕು. ಅಕ್ಕನ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಇಪ್ಪತ್ನಾಲ್ಕನೇ ವಯಸ್ಸಿನಿಂದ ನನಗೊಂದು ದನಿ ಕೇಳಿಸುತ್ತದೆ. ಗಂಡಸಿನ ದನಿ. ಭಾಷೆ ಒಳ್ಳೆಯದು, ಬುದ್ಧಿ ಒಳ್ಳೆಯದಲ್ಲ. ಮಾತ್ರೆ ನುಂಗಿ ನುಂಗಿ ಅವನನ್ನು ಪಕ್ಕದ ಕೋಣೆಗೆ ಅಟ್ಟಿದ್ದೇನೆ. ಮನೆ ಬಿಟ್ಟು ಮಾತ್ರ ಹೋಗಿಲ್ಲ.

ಅವತ್ತು ನಿಮ್ಮ ಯಂತ್ರದ ಕೊಳವೆಯೊಳಗೆ ಮಲಗಿಸಿ, "ಇಪ್ಪತ್ತು ನಿಮಿಷ ಅಲುಗಾಡಬೇಡಿ" ಅಂದರು. ನಾನೂ ಹೂಂ ಅಂದೆ. ಆ ಯಂತ್ರ ಬಾಗಿಲು ಒಡೆಯುವವರ ಹಾಗೆ ದಬದಬ ಬಡಿಯಲು ಶುರುಮಾಡಿದಾಗ ಪಕ್ಕದ ಕೋಣೆಯವನು ಎದ್ದ. "ನಿನ್ನ ತಲೇಲಿ ಏನಿದೆ ಅಂತ ಹುಡುಕ್ತಿದಾರೆ, ಗೊತ್ತಾ?" ಅಂದ. ಉತ್ತರ ಕೊಡದಿದ್ದರೆ ಅವನು ಜೋರು ಮಾಡುತ್ತಾನೆ. ಅದಕ್ಕೆ ಬಾಯಿ ಬಿಡದೆ ಗದ್ದದಲ್ಲೇ ಒಂದಿಷ್ಟು ಹೂಂ ಅಂದೆ. ಮತ್ತೆ ಕೇಳಿದ, ಮತ್ತೆ ಅಂದೆ. ನಾನು ಮಾಡಿದ್ದು ಅಷ್ಟೇ. ನಿಮ್ಮ ಸಂಕೇತ 4 ಅದೇ ಇರಬೇಕು.

ಈಗ ನನ್ನ ಕಷ್ಟ ಕೇಳಿ. ಸ್ಕ್ಯಾನ್ ಮುಗಿಸಿ ಬಂದ ದಿನವೇ ಅಕ್ಕನಿಗೆ ಹೇಳಿಬಿಟ್ಟಿದ್ದೆ. "ಅಕ್ಕಾ, ನನ್ನ ತಲೆ ಕೆಲಸಕ್ಕೆ ಬಂತು. ನನ್ನಂಥೋರಿಗೆ ಔಷಧಿ ಹುಡುಕೋಕೆ ಇಟ್ಕೊಂಡಿದಾರೆ." ಮೂವತ್ತು ವರ್ಷ ಈ ತಲೆಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಿದವಳು ಅವಳು. ಮದುವೆಯಾಗಲಿಲ್ಲ. ಯಾಕೆಂದು ಅವಳು ಹೇಳಿಲ್ಲ, ನಾನು ಕೇಳಿಲ್ಲ. ನನ್ನ ಮಾತು ಕೇಳಿ ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ತರಕಾರಿ ಅಂಗಡಿಯವರಿಗೆ, ಅಂಚೆಯವನಿಗೆ, ಎದುರುಮನೆಯ ಎರಡೂ ಮಹಡಿಗೆ ಹೇಳಿಕೊಂಡು ಬಂದಳು. ನಿಮ್ಮ ಕಾಗದ ಬಂದಾಗ ಸದ್ಯ ಅವಳು ಮನೆಯಲ್ಲಿರಲಿಲ್ಲ. ಅದನ್ನು ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ.

ನನ್ನ ತಲೆಯನ್ನು ಹೇಗಾದರೂ ಒಳಗೆ ಸೇರಿಸಿಕೊಳ್ಳಲು ದಾರಿ ಇದೆಯೇ? ಇಲ್ಲವೆಂದರೆ ಇಲ್ಲವೆಂದೇ ಬರೆಯಿರಿ. ಆದರೆ ಸಹಿ ಹಾಕಿ.

ಇಂತು ನಿಮ್ಮವನು,
(ಇಲ್ಲಿ ಕಪ್ಪು ಶಾಯಿ ಬಳಿದಿದೆ)
ನಂಬರ್ 63


ಫೆಬ್ರವರಿ 24

ನಂಬರ್ 63ರವರೇ,

ಇದನ್ನು ಕಂಪ್ಯೂಟರ್ ಬರೆಯುತ್ತಿಲ್ಲ. ಅದಕ್ಕೆ ಹಾಗೆ ಬರೆಯಲು ಹೇಳಿಕೊಟ್ಟವಳು ಬರೆಯುತ್ತಿದ್ದೇನೆ. ಸ್ಕ್ಯಾನ್‌ಗಳನ್ನು ಓದಿ ಅಳೆಯುವ ತಂತ್ರಾಂಶವನ್ನು ಬರೆಯುವುದು ನನ್ನ ಕೆಲಸ. ಆ ಪತ್ರವನ್ನು ಯಾರೋ ಒಬ್ಬರು ಲಕೋಟೆ ಒಡೆದು ಓದುತ್ತಾರೆ ಎಂಬುದು ಅದನ್ನು ಬರೆಯುವಾಗ ನನ್ನ ತಲೆಗೇ ಹೋಗಿರಲಿಲ್ಲ. ಕ್ಷಮಿಸಿ.

ನಿಮ್ಮ ಹೆಸರನ್ನು ನಾನು ತಿಳಿದುಕೊಳ್ಳುವಂತಿಲ್ಲ, ನನ್ನದನ್ನು ನೀವೂ ತಿಳಿಯುವಂತಿಲ್ಲ. ಪಾಲ್ಗೊಂಡವರ ಗುಟ್ಟು ಕಾಯಲು ಇಲ್ಲಿರುವ ಕಟ್ಟುನಿಟ್ಟು ಅದು. ನಮ್ಮಿಬ್ಬರ ಕಾಗದಗಳೂ ನರ್ಸ್ ಒಬ್ಬರ ಕೈಮೇಲೆ ಹೋಗುತ್ತವೆ. ನೀವು ಸಿಸ್ಟರ್ ಎಂದು ಕರೆಯುತ್ತಿದ್ದಿರಂತೆ, ಅವರೇ. ಹೆಸರು, ಬೀದಿ ಏನು ಕಂಡರೂ ಶಾಯಿ ಬಳಿಯುತ್ತಾರೆ. ನನ್ನ ತಂತ್ರಾಂಶದ ಮೊದಲ ಕೆಲಸವೂ ಅಂಥದ್ದೇ. ಸ್ಕ್ಯಾನ್ ಬಂದ ಕೂಡಲೇ ಹಣೆಯಿಂದ ಗದ್ದದವರೆಗೆ ಮುಖವನ್ನು ಅಳಿಸಿಹಾಕುತ್ತದೆ. ನಿಮ್ಮ ಮಿದುಳಿನ ಮಡಿಕೆಗಳನ್ನು ನಾನು ಬಲ್ಲೆ, ಮೂಗನ್ನಲ್ಲ.

ಮಿದುಳಿನ ಹೊರಪದರ ಎಷ್ಟು ದಪ್ಪ ಇದೆ ಎಂದು ಅಳೆದು, ಕಾಯಿಲೆ ಇರುವವರದ್ದನ್ನೂ ಇಲ್ಲದವರದ್ದನ್ನೂ ಹೋಲಿಸುವುದು ಈ ಅಧ್ಯಯನ. ತಲೆ ಅಲುಗಾಡಿದರೆ ಚಿತ್ರದಲ್ಲಿ ನೀರಿನ ಮೇಲಿನ ಅಲೆಗಳಂತೆ ಗೆರೆಗಳು ಬೀಳುತ್ತವೆ. ಪದರ ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ. ಅಲುಗಾಟವನ್ನು ಕಾಯಿಲೆ ಎಂದು ತಪ್ಪು ತಿಳಿಯುವ ಅಪಾಯ ಇರುವುದರಿಂದ ಒಂದು ಮಿತಿ ಹಾಕಿದ್ದೇವೆ. ಅದನ್ನು ದಾಟಿದ ಚಿತ್ರ ತಾನಾಗಿ ಹೊರಗೆ ಹೋಗುತ್ತದೆ. ನಿಮ್ಮದು ದಾಟಿದೆ. ನನಗೆ ತಿಳಿದ ಮಟ್ಟಿಗೆ ದಾರಿ ಇಲ್ಲ. ಸುಳ್ಳು ಆಸೆ ಹುಟ್ಟಿಸಲು ಮನಸ್ಸು ಬರುತ್ತಿಲ್ಲ.

ಕೇಳಿದಿರಲ್ಲ, ಸಹಿ ಹಾಕಿದ್ದೇನೆ. ಸಿಸ್ಟರ್ ಬಿಟ್ಟರೆ ನಿಮಗೆ ಕಾಣುತ್ತದೆ.

(ಇಲ್ಲಿ ಕಪ್ಪು ಶಾಯಿ ಬಳಿದಿದೆ)
ತಂತ್ರಾಂಶದವಳು


ಮಾರ್ಚ್ 6

ತಂತ್ರಾಂಶದವರೇ,

ಸಿಸ್ಟರ್ ಬಿಡಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ, ಒಳ್ಳೆಯ ಶಾಯಿ. ಇರಲಿ. ಮುಖ ನೆನಪಿಲ್ಲದ ಎಷ್ಟೋ ಗಿರಾಕಿಗಳ ಭುಜದ ಅಳತೆ ನನಗೆ ಬಾಯಿಪಾಠ. ನಮ್ಮಿಬ್ಬರ ಕೆಲಸ ಒಂದೇ ಥರದ್ದು ಬಿಡಿ.

ಇಲ್ಲ ಎಂದು ನೇರವಾಗಿ ಬರೆದಿದ್ದಕ್ಕೆ ನಿಜವಾಗಿ ವಂದನೆ. ನನ್ನ ಹತ್ತಿರ ಎಲ್ಲರೂ ಸಕ್ಕರೆ ಹಚ್ಚಿ ಮಾತಾಡುತ್ತಾರೆ. "ನೀನು ಆರಾಮಾಗಿದೀಯ ಬಿಡು" ಅನ್ನುತ್ತಲೇ ಕತ್ತರಿಯನ್ನು ನನ್ನಿಂದ ದೂರ ಸರಿಸುತ್ತಾರೆ.

ಹಾಗೆಂದು ಸುಮ್ಮನಾಗಲು ಮನಸ್ಸಿಲ್ಲ. ಕತ್ತರಿ ಹಾಕುವವನು ನಾನೂ ಹೌದು, ಅದಕ್ಕೆ ಎರಡು ಮಾತು ಕೇಳುತ್ತೇನೆ. ನನ್ನ ಹಾಗೆ ಹೊರಗೆ ಹೋದವರು ಎಷ್ಟು ಜನ? ಇಷ್ಟು ಅಲುಗಾಡಿದರೆ ಅತಿಯಾಯಿತು ಎಂದು ಗೆರೆ ಎಳೆಯುವಾಗ ಯಾರ ತಲೆಯನ್ನು ಇಟ್ಟುಕೊಂಡು ಎಳೆದಿರಿ?

ನಿಮ್ಮ ಅಕ್ಷರ ನೋಡಿದರೆ ಚಿಕ್ಕ ವಯಸ್ಸಿನವರು ಅನ್ನಿಸುತ್ತದೆ. ತಂಗಿ ಎಂದು ಕರೆಯಬಹುದೇ? ಅಕ್ಕ ಒಬ್ಬಳೇ ಇರುವುದು, ತಂಗಿಯ ಜಾಗ ಖಾಲಿ ಇದೆ.

ನಿಮ್ಮ,
ಟೈಲರ್


ಮಾರ್ಚ್ 20

ಟೈಲರ್ ಅಣ್ಣನಿಗೆ,

ಜಾಗ ಖಾಲಿ ಇದ್ದರೆ ಬಂದೆ.

ನೀವು ಕೇಳಿದ್ದನ್ನು ಇದುವರೆಗೆ ಇಲ್ಲಿ ಯಾರೂ ಎಣಿಸಿರಲಿಲ್ಲ. ನಾನು ಎಣಿಸಿದೆ. ಕಾಯಿಲೆ ಇರುವ ನೂರ ನಲವತ್ತು ಜನರಲ್ಲಿ ಐವತ್ತೆರಡು ಜನ ಹೊರಗೆ ಹೋಗಿದ್ದಾರೆ. ಕಾಯಿಲೆ ಇಲ್ಲದ ನೂರ ನಲವತ್ತು ಜನರಲ್ಲಿ ಆರು. ಆ ಐವತ್ತೆರಡು ಜನರ ದಾಖಲೆ ತೆಗೆದು ನೋಡಿದರೆ, ಹೆಚ್ಚು ನರಳಿದವರೇ ಹೆಚ್ಚು ಅಲುಗಾಡಿದ್ದಾರೆ. ಲೆಕ್ಕದೊಳಗೆ ಉಳಿದವರು ಕಾಯಿಲೆಯಲ್ಲೂ ನೆಟ್ಟಗೆ ಮಲಗಬಲ್ಲವರು.

ಎರಡನೆಯ ಪ್ರಶ್ನೆಗೆ ಉತ್ತರ ಬರೆಯಲು ನಾಚಿಕೆಯಾಗುತ್ತದೆ. ಗೆರೆ ಎಳೆದಿದ್ದು ನಮ್ಮ ಕೋಣೆಯ ಆರು ಜನರ ತಲೆಯ ಮೇಲೆ. ಯಂತ್ರವನ್ನು ಹೊಂದಿಸುವಾಗ ಸುಮ್ಮನೆ ಒಬ್ಬರಾದ ಮೇಲೊಬ್ಬರು ಒಳಗೆ ಮಲಗಿ ಎದ್ದು ಬಂದಿದ್ದೆವು. ಆ ಕೊಳವೆಯಲ್ಲಿ ನೂರು ಸಲ ಮಲಗಿದವರು ನಾವು. ನಾನಂತೂ ಅಲ್ಲಿ ನಿದ್ದೆ ಹೊಡೆಯುತ್ತೇನೆ. ನಮ್ಮ ಆರು ಜನರ ಅಲುಗಾಟಕ್ಕೆ ಒಂದಿಷ್ಟು ಸೇರಿಸಿ "ಇದೇ ಮಿತಿ" ಎಂದು ಒಂದೇ ಸಾಲಿನಲ್ಲಿ ಬರೆದವಳು ನಾನು. ಅದಾಗಿ ಎರಡು ವರ್ಷವಾಯಿತು. ಮತ್ತೆ ಆ ಸಾಲಿನ ಕಡೆ ತಿರುಗಿಯೂ ನೋಡಿಲ್ಲ.

ಅಧ್ಯಯನದ ಮುಖ್ಯಸ್ಥೆ ಡಾಕ್ಟರಮ್ಮನ ಹತ್ತಿರ ಅಂಕಿಗಳನ್ನು ತೆಗೆದುಕೊಂಡು ಹೋದೆ. ಮೊದಲು ಅವರು, "ಇದು ಈ ಕೆಲಸದಲ್ಲಿ ಎಲ್ರಿಗೂ ಗೊತ್ತಿರೋದೇ. ಕೊನೇ ಪುಟದಲ್ಲಿ ಒಂದು ಸಾಲು ಬರೆದು ಮುಂದಕ್ಕೆ ಹೋಗ್ತೀವಿ" ಅಂದರು. ಕಾಗದವನ್ನು ನನ್ನ ಕಡೆ ತಳ್ಳಿದವರು ಮತ್ತೆ ಎಳೆದುಕೊಂಡರು. ಕನ್ನಡಕ ತೆಗೆದು ಒರೆಸಿದರು. "ಐವತ್ತೆರಡಾ? ಜಾಸ್ತಿ ಕಾಯಿಲೆ ಇರೋರನ್ನೇ ಹೊರಗಿಟ್ಟು ಕಾಯಿಲೆ ಅಳೀತಿದೀವಲ್ಲೇ" ಅಂದರು. ಆಮೇಲೆ, "ಈ ಪ್ರಶ್ನೆ ಯಾರು ಕೇಳಿದ್ದು?" ಎಂದರು. ಟೈಲರ್ ಒಬ್ಬರು ಅಂದೆ.

ಏನು ಮಾಡುವುದೆಂದು ಇನ್ನೂ ಗೊತ್ತಿಲ್ಲ. ಮಿತಿಯನ್ನು ಸಡಿಲಿಸಿದರೆ ಸುಳ್ಳು ಅಳತೆ ಒಳಗೆ ಬರುತ್ತದೆ. ಹಾಗೆಯೇ ಬಿಟ್ಟರೆ ನೀವೆಲ್ಲ ಹೊರಗೆ.

ತಂಗಿ


ಮಾರ್ಚ್ 29

ತಂಗಿಗೆ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ನಿಮ್ಮ ಆರು ಜನರ ಮೈ ಅಳತೆ ತೆಗೆದು ಊರಿಗೆಲ್ಲಾ ಅಂಗಿ ಹೊಲಿದು, ಹಿಡಿಸದವರಿಗೆ "ನಿಮ್ಮ ಮೈ ಸರಿಯಿಲ್ಲ" ಎಂದು ಕಾಗದ ಕಳಿಸಿದ್ದೀರಿ. ನಾನು ಹೀಗೆ ಮಾಡಿದ್ದರೆ ಗಿರಾಕಿಗಳು ಮೆಷಿನ್ ಸಮೇತ ನನ್ನನ್ನು ಬೀದಿಗೆ ಎಸೆಯುತ್ತಿದ್ದರು. ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ನಾನು ಕೇಳಿದ್ದಕ್ಕೆ ನೀನು ಕೂತು ಎಣಿಸಿದೆಯಲ್ಲ, ಅದು ಸಣ್ಣ ವಿಷಯ ಅಲ್ಲ. ನನ್ನ ಪ್ರಶ್ನೆಗೆ ಯಾರಾದರೂ ಎದ್ದುಹೋಗಿ ಉತ್ತರ ಹುಡುಕಿ ತಂದಿದ್ದು ಯಾವ ಕಾಲದಲ್ಲೋ.

ಅಲುಗಾಟದ ವಿಷಯಕ್ಕೆ ಬರುತ್ತೇನೆ. ನಿಮ್ಮ ಯಂತ್ರದಲ್ಲಿ ತಲೆಯ ಎರಡೂ ಕಡೆ ದಿಂಬು ತುರುಕಿ ಬಿಗಿ ಮಾಡಿದರು. ತಪ್ಪಾಗಿದ್ದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ. ಮಕ್ಕಳ ಅಳತೆ ತೆಗೆಯುವಾಗ ತೋಳು ಹಿಡಿದುಕೊಂಡರೆ ಇನ್ನಷ್ಟು ಕೊಸರಾಡುತ್ತಾರೆ. ನಾನು ಹಿಡಿಯುವುದಿಲ್ಲ. ಅಳತೆಯ ಟೇಪನ್ನು ಕುತ್ತಿಗೆಯ ಹಿಂದೆ ಹಗುರಾಗಿ ಇಟ್ಟು ಕೈಬಿಡುತ್ತೇನೆ. "ಇದು ಜಾರಬಾರ್ದು, ನೀನೇ ನೋಡ್ಕೋ" ಅನ್ನುತ್ತೇನೆ. ಅಷ್ಟೇ, ಆ ಮಗು ಶಿಲೆ! ಟೇಪು ಅದನ್ನು ಕಟ್ಟಿಹಾಕಿಲ್ಲ, ಸುಮ್ಮನೆ ಮುಟ್ಟಿಕೊಂಡಿದೆ. ಅಲುಗಾಡಿದರೆ ಮಗುವಿಗೇ ಮೊದಲು ಗೊತ್ತಾಗುತ್ತದೆ.

ನನಗೆ ಆವತ್ತು ಗದ್ದ ಅಲುಗಾಡಿದ್ದೇ ಗೊತ್ತಾಗಲಿಲ್ಲ. ಹಣೆಯ ಮೇಲೆ ಏನಾದರೂ ಒಂದು ಪಟ್ಟಿ ಮುಟ್ಟಿಕೊಂಡಿದ್ದರೆ ಗೊತ್ತಾಗುತ್ತಿತ್ತೋ ಏನೋ. ನೋಡು, ದಡ್ಡನ ಸಲಹೆ ಅನ್ನಿಸಿದರೆ ಬಿಟ್ಟುಬಿಡು.

ಅಣ್ಣ


ಏಪ್ರಿಲ್ 30

ಅಣ್ಣಾ,

ಒಂದು ತಿಂಗಳು ಬರೆಯಲಿಲ್ಲ, ಯಾಕೆಂದರೆ ನಿಮ್ಮ ಟೇಪನ್ನು ಪರೀಕ್ಷೆ ಮಾಡುತ್ತಿದ್ದೆವು. ಗಾಯಕ್ಕೆ ಅಂಟಿಸುವ ಕಾಗದದ ಪಟ್ಟಿಯನ್ನು ಹಣೆಗೆ ಅಡ್ಡಲಾಗಿ ಹಾಕಿ, ಎರಡೂ ತುದಿಯನ್ನು ತಲೆಯ ಸುತ್ತಲಿನ ಚೌಕಟ್ಟಿಗೆ ಸಡಿಲವಾಗಿ ಅಂಟಿಸಿದೆವು. ನಮ್ಮ ಆರು ತಲೆಗಳ ಮೇಲೆ ಅಲ್ಲ! ಹೊರಗಿನಿಂದ ಬಂದ ಇಪ್ಪತ್ತು ಜನರ ಮೇಲೆ. ಅಲುಗಾಟ ಅರ್ಧಕ್ಕೆ ಇಳಿದಿದೆ. ಯಂತ್ರ ನಡೆಸುವ ಟೆಕ್ನಿಷಿಯನ್ ಇಪ್ಪತ್ತು ವರ್ಷ ಅನುಭವ ಇರುವವರು. ಅಂಕಿ ನೋಡಿ, "ಇಷ್ಟು ವರ್ಷ ನಾನು ದಿಂಬು ತುರುಕಿದ್ದೇ ತುರುಕಿದ್ದು" ಎಂದು ತಲೆ ಚಚ್ಚಿಕೊಂಡರು. ಕೆಲವರಿಗೆ ದಿಂಬೂ ಬೇಕು ಎಂದು ಆಮೇಲೆ ವಾದ ಮಾಡಿದರು. ಅದೂ ನಿಜ.

ಐವತ್ತೆರಡು ಜನರನ್ನೂ ಮತ್ತೆ ಕರೆಯಲು ಡಾಕ್ಟರಮ್ಮ ಒಪ್ಪಿದ್ದಾರೆ. ಮನಸ್ಸಿದ್ದವರು ಬರಬಹುದು. ಜುಲೈನಿಂದ ಶುರು. ನಿಮ್ಮನ್ನು ಮೊದಲನೆಯವರಾಗಿ ಬರೆಸಿದ್ದೇನೆ.

ಈ ನಡುವೆ ನಾನೂ ಓದುತ್ತಿದ್ದೇನೆ. ಎಲ್ಲ ಅಲುಗಾಟವೂ ಕಾಯಿಲೆಯದ್ದಲ್ಲವಂತೆ. ಕೆಲವರ ಕಾಲಿನ ಚಡಪಡಿಕೆ, ನಾಲಿಗೆಯ ಆಟ, ಕೂತಲ್ಲಿ ಕೂರಲಾಗದಿರುವುದು ಅವರು ತೆಗೆದುಕೊಳ್ಳುವ ಮಾತ್ರೆಗಳಿಂದಲೇ ಬರಬಹುದಂತೆ. ಇದು ನನಗೆ ಗೊತ್ತಿರಲಿಲ್ಲ.

ನಿಮ್ಮ ಗುಂಡಿಗಳ ಡಬ್ಬಿಯಿಂದ ನನ್ನ ಹಳೆಯ ಕಾಗದವನ್ನು ಹೊರಗೆ ತೆಗೆದು ಹರಿದುಹಾಕುವ ದಿನ ದೂರವಿಲ್ಲ. ನಿಮಗೆ ಎಷ್ಟು ವಂದನೆ ಹೇಳಿದರೂ ಸಾಲದು.

ತಂಗಿ


ಜೂನ್ 18

ಕಾಗದ ಬರೆಯುವ ಹುಡುಗಿಗೆ,

ನಾನು ಟೈಲರನ ಅಕ್ಕ. ಅವನು ಆಸ್ಪತ್ರೆಯಲ್ಲಿದ್ದಾನೆ. ಇಂದಿಗೆ ಒಂಬತ್ತು ದಿನ.

ನನಗೆ ಸುತ್ತಿಬಳಸಿ ಬರೆಯಲು ಬರುವುದಿಲ್ಲ. ಅವನು ಮೇ ತಿಂಗಳಿಂದ ಮಾತ್ರೆ ನುಂಗಿಲ್ಲ. ನನ್ನ ಎದುರಿಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದ, ನೀರು ಕುಡಿಯುತ್ತಿದ್ದ. ಆ ಮಾತ್ರೆಗಳೆಲ್ಲ ಗುಂಡಿಗಳ ಡಬ್ಬಿಯಲ್ಲಿ ಸಿಕ್ಕಿದವು. ಅವುಗಳ ಕೆಳಗೆ ನಿಮ್ಮ ಕಾಗದಗಳು ಸಿಕ್ಕಿದವು. ತಲೆ ಬೇಡ ಎಂದು ಬಂದ ಮೊದಲನೆಯದ್ದೂ ಸಿಕ್ಕಿತು. ಮಾತ್ರೆಯಿಂದ ಅಲುಗಾಟ ಬರುತ್ತದೆ ಎಂದು ನೀನು ಬರೆದ ಸಾಲಿನ ಕೆಳಗೆ ಅವನು ಗುರುತಿನ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾನೆ.

ಕೂತಲ್ಲಿ ಅವನ ಕಾಲು ಸುಮ್ಮನಿರುವುದೇ ಇಲ್ಲ. ಮಾತ್ರೆ ಬಿಟ್ಟರೆ ಅಲುಗಾಡದೆ ಮಲಗಬಹುದು ಅಂದುಕೊಂಡ. ಹದಿನೈದು ದಿನ ಚೆನ್ನಾಗಿಯೇ ಇದ್ದ. ಆಮೇಲೆ ಗೋಡೆಯ ಜೊತೆ ಜಗಳ ಶುರುವಾಯಿತು. ಊಟ ಬಿಟ್ಟ. ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ನೋಡಿದರೆ, ಒಬ್ಬರು ಮೇಷ್ಟ್ರ ಹೊಸ ಕೋಟನ್ನು ಕತ್ತರಿಸಿ ಒಂದೇ ಅಗಲದ ಪಟ್ಟಿಗಳನ್ನು ಮಾಡಿ, ಇಸ್ತ್ರಿ ಹಾಕಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. "ಏನೋ ಇದು?" ಅಂದೆ. "ಐವತ್ತೆರಡು ಅಕ್ಕಾ. ಎಲ್ರ ಹಣೆಗೂ ಬೇಕಲ್ಲ" ಅಂದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ನಡುಗುತ್ತಿರಲಿಲ್ಲ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಪಟ್ಟಿಗಳನ್ನು ಎದೆಗೆ ಅವಚಿಕೊಂಡಿದ್ದ.

ನಿನ್ನ ಮೇಲೆ ನನಗೆ ತುಂಬಾ ಕೋಪ ಇದೆ. ನಿನ್ನ ಕಾಗದ ಬಂದ ದಿನ ಅವನು ಎರಡು ತುತ್ತು ಜಾಸ್ತಿ ತಿನ್ನುತ್ತಿದ್ದ, ಗಿರಾಕಿಗಳ ಜೊತೆ ನಗುತ್ತಿದ್ದ. ಅದೂ ನನಗೆ ಗೊತ್ತು. ಕೋಪ ಬಂದಾಗಲೆಲ್ಲ ಅದು ನೆನಪಾಗಿ ಅರ್ಧಕ್ಕೇ ನಿಲ್ಲುತ್ತದೆ. ಆದರೂ ಕೇಳು. ಅವನ ತಲೆ ನಿಮ್ಮ ಪುಸ್ತಕಕ್ಕೆ ಬರುವುದು ನನಗೆ ಮುಖ್ಯವಲ್ಲ. ಅವನು ಮಧ್ಯಾಹ್ನ ಊಟಕ್ಕೆ ಒಳಗೆ ಬರಬೇಕು, ಅಷ್ಟೇ.

ಅವನ ಅಕ್ಕ


ಜೂನ್ 25

ಅಕ್ಕಾ,

ತಪ್ಪು ನನ್ನದು. ಬೇರೆ ಯಾರದ್ದೂ ಅಲ್ಲ.

ನಾನು ಡಾಕ್ಟರ್ ಅಲ್ಲ. ಮಾತ್ರೆಯ ವಿಷಯದಲ್ಲಿ ಬಾಯಿ ಹಾಕುವ ಯೋಗ್ಯತೆ ನನಗಿಲ್ಲ. ಎಲ್ಲೋ ಓದಿದ್ದನ್ನು ಹೊಸ ಸುದ್ದಿ ಹೇಳುವ ಉತ್ಸಾಹದಲ್ಲಿ ಬರೆದೆ. ಕೆಳಗೆ "ಡಾಕ್ಟರನ್ನು ಕೇಳದೆ ಏನೂ ಬದಲಾಯಿಸಬೇಡಿ" ಎಂಬ ಒಂದು ಸಾಲು ಬರೆಯಬೇಕಿತ್ತು. ಅದೂ ಹೊಳೆಯಲಿಲ್ಲ. ಕಾಗದವನ್ನು ಒಬ್ಬರು ಲಕೋಟೆ ಒಡೆದು ಓದುತ್ತಾರೆ ಎಂಬುದನ್ನು ನಾನು ಎರಡನೇ ಸಲ ಮರೆತೆ.

ನಿಮ್ಮ ಕಾಗದವನ್ನು ಡಾಕ್ಟರಮ್ಮನಿಗೆ ನಾನೇ ತೋರಿಸಿದೆ. ಅವರು ಬೆವರಿಳಿಸಿದರು, ಇಳಿಸಬೇಕಾದ್ದೇ. ಸಿಸ್ಟರ್ ಕಾಗದದಲ್ಲಿ ಹೆಸರು ಮಾತ್ರ ಹುಡುಕುತ್ತಿದ್ದರಂತೆ. ಇನ್ನು ಮುಂದೆ ಎಲ್ಲ ಓದುತ್ತಾರೆ. ಅಣ್ಣ ಹುಷಾರಾಗಿ, ಅವರಾಗಿ ಕೇಳುವವರೆಗೆ ನಾನು ಬರೆಯುವಂತಿಲ್ಲ. ಈ ಒಂದು ಕಾಗದಕ್ಕೆ ಮಾತ್ರ ಅನುಮತಿ ಸಿಕ್ಕಿದೆ.

ಅವರನ್ನು ನೋಡುತ್ತಿರುವ ಡಾಕ್ಟರಿಗೆ ಒಂದು ಮಾತು ತಿಳಿಸಬೇಕೆಂದು ನಮ್ಮ ಡಾಕ್ಟರಮ್ಮ ನಿಮಗೆ ಹೇಳಿಸಿದ್ದಾರೆ. ನೀವು ಬರೆದ ಆ ಕಾಲಿನ ಚಡಪಡಿಕೆ ಎಷ್ಟು ವರ್ಷದಿಂದ ಇದೆ ಎಂದು ಅವರು ಕೇಳಿ ತಿಳಿದುಕೊಳ್ಳಲಿ. ಅದಕ್ಕೆ ಉಪಾಯ ಇರಬಹುದು. ಇದು ನನ್ನ ಮಾತಲ್ಲ, ಡಾಕ್ಟರಮ್ಮನದ್ದು.

ಅಣ್ಣ ಊಟಕ್ಕೆ ಬಂದ ದಿನ ಸಿಸ್ಟರ್ ಕೈಲಿ ಒಂದು ಮಾತು ಹೇಳಿಕಳಿಸುತ್ತೀರಾ? ಬರೆಯುವುದು ಬೇಡ. ಊಟ ಮಾಡಿದ ಅಂದರೆ ಸಾಕು.

ನಿಮ್ಮ ಕೋಪಕ್ಕೆ ಪಾತ್ರಳಾದ,
ತಂತ್ರಾಂಶದವಳು


ಸೆಪ್ಟೆಂಬರ್ 3

ತಂಗಿಗೆ,

ಊಟ ಮಾಡಿದೆ. ಇಂದು, ನಿನ್ನೆ, ಮೊನ್ನೆ ಎಲ್ಲ ಮಾಡಿದೆ. ಸಿಸ್ಟರ್ ಹೇಳಿರಬೇಕು. ಕೈಬರಹ ಸ್ವಲ್ಪ ಓಲಾಡುತ್ತಿದೆ, ಹೊಟ್ಟೆಗೆ ಹಾಕಿಕೋ.

ಆಸ್ಪತ್ರೆಯಲ್ಲಿ ಇದ್ದದ್ದು ನಲವತ್ತು ದಿನ. ಮೊದಲಿನದ್ದು ನೆನಪಿಲ್ಲ, ನೆನಪಿರುವುದನ್ನು ಬರೆಯುವುದಿಲ್ಲ. ಒಂದು ದಿನ ಡಾಕ್ಟರ್ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತು, "ನಿಮ್ಮ ಕಾಲು ಎಷ್ಟು ವರ್ಷದಿಂದ ಹೀಗೆ?" ಎಂದು ಕೇಳಿದರು. ನಾನು ತಬ್ಬಿಬ್ಬಾದೆ. ಈ ಕಾಲನ್ನು ನಾನು ಕಾಯಿಲೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೊಲಿಗೆ ಮೆಷಿನ್ ತುಳಿದ ಕಾಲು, ಸುಮ್ಮನಿರುವುದನ್ನು ಮರೆತಿದೆ ಎಂದು ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದೆ. ಡಾಕ್ಟರ್ ಮಾತ್ರೆ ಬದಲಾಯಿಸಿದರು. ಒಂದು ತಿಂಗಳಲ್ಲಿ ಕಾಲು ನೆಲದ ಮೇಲೆ ನಿಂತಿತು. ಈಗ ಕೂತು ಚಹಾ ಕುಡಿದು ಮುಗಿಸುತ್ತೇನೆ, ತಂಗಿ. ಮೂವತ್ತು ವರ್ಷದಿಂದ ನಾನು ಚಹಾವನ್ನು ಓಡಾಡಿಕೊಂಡೇ ಕುಡಿದವನು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಾಳೆ.

ನೀನು ಅಕ್ಕನಿಗೆ ಬರೆದ ಕಾಗದವನ್ನು ಅವಳು ನನಗೆ ಓದಲು ಕೊಟ್ಟಳು. "ತಪ್ಪು ನನ್ನದು" ಎಂಬ ಸಾಲಿನಲ್ಲಿ ನಿಂತುಬಿಟ್ಟೆ. ನನ್ನ ಕಾಯಿಲೆಯ ವಿಷಯದಲ್ಲಿ ಇಷ್ಟು ವರ್ಷ ತಪ್ಪು ಅಪ್ಪನದ್ದು, ಅಮ್ಮನದ್ದು, ಗಾಳಿಯದ್ದು, ನನ್ನದು ಎಂದೆಲ್ಲ ಕೇಳಿದ್ದೇನೆ. ಎದುರಿನವರು ತಪ್ಪು ತಮ್ಮದು ಎಂದಿದ್ದು ಇದೇ ಮೊದಲು. ಪೂರ್ತಿ ನಿನ್ನದಲ್ಲ. ನುಂಗಿದ ಹಾಗೆ ನಾಟಕ ಮಾಡಿದ್ದು ನಾನು. ಪಾಲು ಮಾಡಿಕೊಳ್ಳೋಣ.

ಮೇಷ್ಟ್ರು ಕೋಟಿಗೆ ಇನ್ನೊಂದು ಬಟ್ಟೆ ತಂದುಕೊಟ್ಟಿದ್ದಾರೆ. "ಈ ಸಲ ಕೋಟೇ ಹೊಲಿಯಪ್ಪಾ, ಪುಣ್ಯಾತ್ಮ" ಅಂದರು. ಅವರ ಎದುರಿಗೇ ಅತ್ತುಬಿಟ್ಟೆ.

ನನ್ನ ಡಾಕ್ಟರ್ ಒಪ್ಪಿದ್ದಾರೆ, ಅಕ್ಕನೂ ಒಪ್ಪಿದ್ದಾಳೆ. ಹೊಸ ಮಾತ್ರೆ ನುಂಗಿಕೊಂಡೇ ನಿಮ್ಮ ಯಂತ್ರಕ್ಕೆ ಬರುತ್ತೇನೆ. ಹೊರಗೆ ಹೋದರೆ ಹೋಗಲಿ. ಆದರೆ ಏನಾಯಿತೆಂದು ನೀನೇ ಬರೆ. ಕಂಪ್ಯೂಟರಿಗೆ ಹೇಳಬೇಡ.

ಅಣ್ಣ


ನವೆಂಬರ್ 12

ಅಣ್ಣಾ,

ಸಿಸ್ಟರ್ ಈ ಕಾಗದವನ್ನು ಎರಡು ಸಲ ಓದಿದ್ದಾರೆ. ಡಾಕ್ಟರಮ್ಮ ಒಂದು ಸಲ. ಹಾಗಾಗಿ ಇಲ್ಲಿರುವುದನ್ನು ಧೈರ್ಯವಾಗಿ ನಂಬಬಹುದು.

ನಿಮ್ಮ ಎರಡನೇ ಸ್ಕ್ಯಾನ್ ನೋಡಿದೆ. ಹನ್ನೊಂದನೇ ನಿಮಿಷದಲ್ಲಿ ಒಂದು ಸಣ್ಣ ಅಲುಗಾಟವಿದೆ. ಪಕ್ಕದ ಕೋಣೆಯವನು ಏನೋ ಕೇಳಿರಬೇಕು, ಈ ಸಲ ನೀವು ಉತ್ತರ ಚಿಕ್ಕದಾಗಿ ಕೊಟ್ಟಿದ್ದೀರಿ. ಉಳಿದಂತೆ ಅಚ್ಚುಕಟ್ಟು. ನಂಬರ್ 63 ಅಧ್ಯಯನದ ಒಳಗಿದೆ.

ಇದಕ್ಕಿಂತ ದೊಡ್ಡ ಸುದ್ದಿ ಒಂದಿದೆ. ನಿಧಾನವಾಗಿ ಓದಿ.

ಐವತ್ತೆರಡು ಜನರಲ್ಲಿ ನಲವತ್ತೊಂದು ಜನ ಮತ್ತೆ ಬಂದರು. ಹನ್ನೊಂದು ಜನ ಬರಲಿಲ್ಲ. ಕೆಲವರಿಗೆ ಆ ಕೊಳವೆಯ ಭಯ, ಕೆಲವರು ತುಂಬಾ ಕಾಯಿಲೆಯಲ್ಲಿದ್ದಾರೆ, ಒಬ್ಬರು ಬದುಕಿಲ್ಲ. ಅವರ ಅಲುಗಾಡಿದ ಹಳೆಯ ಚಿತ್ರಗಳಷ್ಟೇ ನಮ್ಮ ಹತ್ತಿರ ಇದ್ದವು. ಅವನ್ನು ಸರಿಪಡಿಸಲು ತಂತ್ರಾಂಶಕ್ಕೆ ಕಲಿಸಬೇಕಿತ್ತು. ಹಾಗೆ ಕಲಿಸಬೇಕೆಂದರೆ ಒಂದೇ ತಲೆಯ ಎರಡು ಚಿತ್ರ ಬೇಕು, ಒಂದು ಅಲುಗಾಡಿದ್ದು, ಒಂದು ಅಲುಗಾಡದ್ದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು "ಇದು ಹೀಗೆ ಕೆಟ್ಟಿದೆ, ನಿಜವಾಗಿ ಇದ್ದದ್ದು ಹೀಗೆ" ಎಂದು ಮತ್ತೆ ಮತ್ತೆ ತೋರಿಸಬೇಕು. ನಮ್ಮ ಆರು ಜನರನ್ನು ಬೇಕೆಂದೇ ತಲೆ ಆಡಿಸಲು ಹೇಳಿ ಚಿತ್ರ ತೆಗೆದು ನೋಡಿದೆ. ನಾಟಕದ ಅಲುಗಾಟದಿಂದ ತಂತ್ರಾಂಶ ಏನೂ ಕಲಿಯಲಿಲ್ಲ. ನಿಮ್ಮ ಎರಡು ಚಿತ್ರಗಳು ಬಂದ ಮೇಲೆ ಮೊದಲ ಸಲ ಕಲಿಯಲು ಶುರುಮಾಡಿತು. ಆಮೇಲೆ ಉಳಿದ ನಲವತ್ತು ಜೋಡಿಗಳು.

ಹನ್ನೊಂದರಲ್ಲಿ ಎಂಟು ಹಳೆಯ ಚಿತ್ರಗಳು ಈಗ ಅಳೆಯುವಷ್ಟು ಸರಿಯಾಗಿವೆ. ಆ ಎಂಟು ಜನ ಒಳಗೆ ಬಂದಿದ್ದಾರೆ. ತೀರಿಕೊಂಡವರೂ ಅವರಲ್ಲಿ ಇದ್ದಾರೆ. ಅವರ ತಾಯಿಗೆ ಡಾಕ್ಟರಮ್ಮ ಕೈಯಾರೆ ಕಾಗದ ಬರೆದಿದ್ದಾರೆ. ಉಳಿದ ಮೂರು ಚಿತ್ರಗಳನ್ನು ಅಳಿಸಿಲ್ಲ, ಕೆಲಸ ನಡೆಯುತ್ತಿದೆ.

ಫೆಬ್ರವರಿಯಲ್ಲಿ ಬೇಡವೆಂದು ಬಿಸಾಡಿದ್ದೆನಲ್ಲ, ನೀವು ಗದ್ದದಲ್ಲಿ ಹೂಂ ಅಂದ ಆ ಚಿತ್ರ, ಅದಿಲ್ಲದಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಅಧ್ಯಯನದ ವರದಿಯ ಕೊನೆಯಲ್ಲಿ ವಂದನೆ ಹೇಳುವ ಜಾಗವಿದೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಬರೆಯುವಂತಿಲ್ಲ. "ಅಲುಗಾಡಿದ ಐವತ್ತೆರಡು ಜನರಿಗೆ, ಮತ್ತು ಅವರನ್ನು ಕರೆತಂದವರಿಗೆ ನಾವು ಋಣಿ" ಎಂದು ಬರೆದೆ. ಡಾಕ್ಟರಮ್ಮ ಓದಿ ಏನೂ ತಿದ್ದಲಿಲ್ಲ.

ಅಕ್ಕನ ಕೋಪ ಇಳಿದಿದ್ದರೆ ಅವರಿಗೂ ಓದಿ ಹೇಳಿ.

ನಿಮ್ಮ ಋಣದಲ್ಲಿರುವ,
ತಂಗಿ


ನವೆಂಬರ್ 21

ತಂಗಿಗೆ,

ನಿನ್ನ ಕಾಗದ ಬಂದಾಗ ಅಕ್ಕ ಮೇಜಿನ ಹತ್ತಿರ ಒಗೆದ ಬಟ್ಟೆ ಮಡಿಸುತ್ತಿದ್ದಳು. ಈ ಸಲ ಬಚ್ಚಿಡಲಿಲ್ಲ. ಅವಳ ಎದುರಿಗೇ ಒಡೆದು ಗಟ್ಟಿಯಾಗಿ ಓದಿದೆ. ಯಂತ್ರ, ಪದರ, ಜೋಡಿ ಎಲ್ಲವನ್ನೂ ಬಿಡದೆ ಓದಿದೆ. ನಂಬರ್ 63 ಒಳಗಿದೆ ಎಂಬ ಸಾಲು ಬಂದಾಗ ಅವಳು ತಲೆಯೆತ್ತಲೂ ಇಲ್ಲ. ಬಿಸಾಡಿದ ಚಿತ್ರದ ಮಾತು ಬಂದಾಗ ಕೈಲಿದ್ದ ಹೊದಿಕೆ ಹಾಗೇ ನಿಂತಿತು.

"ಅದನ್ನ ಇನ್ನೊಂದ್ಸಲ ಓದು" ಅಂದಳು. ಓದಿದೆ.

"ಅಂದ್ರೆ ನಿನ್ನ ಕೆಟ್ಟ ತಲೇನೂ ಬೇಕಾಯ್ತಾ ಅವರಿಗೆ?"

"ಎರಡೂ ಬೇಕಾಯ್ತಂತೆ ಅಕ್ಕಾ. ಕೆಟ್ಟಿದ್ದಾಗಿಂದೂ, ಸರಿಯಾದಾಗಿಂದೂ. ಒಂದೇ ಇದ್ರೆ ಆಗ್ತಿರ್ಲಿಲ್ವಂತೆ."

"ಅವತ್ತು ನೀನು ನೆಟ್ಟಗೆ ಮಲಗಿದ್ದಿದ್ರೆ?"

"ಆ ಸತ್ತುಹೋದವರ ಚಿತ್ರ ಕಸದಲ್ಲೇ ಇರ್ತಿತ್ತು."

ಕರೆತಂದವರಿಗೆ ಎಂಬ ಮಾತನ್ನು ನಾನು ಬೆರಳಿಟ್ಟು ತೋರಿಸಿದೆ. ಅವಳಿಗೆ ಕನ್ನಡಕ ಬೇಕಾಯಿತು, ತಂದುಕೊಟ್ಟೆ. ಎಷ್ಟು ಹೊತ್ತು ಆ ಒಂದು ಸಾಲನ್ನು ನೋಡುತ್ತಿದ್ದಳೋ. ಆಮೇಲೆ ಕಾಗದ ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋದಳು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಮೂವತ್ತು ವರ್ಷದಲ್ಲಿ ಅಕ್ಕ ನನ್ನ ಮುಂದೆ ಅತ್ತಿದ್ದನ್ನು ನಾನು ನೋಡಿಲ್ಲ, ಇವತ್ತೂ ನೋಡಲಿಲ್ಲ. ನಿನಗೆ ಹೇಗೆ ವಂದನೆ ಹೇಳಲಿ ಎಂದು ಪೆನ್ನು ಹಿಡಿದು ಕೂತೆ, ಒಂದು ಮಾತೂ ಸರಿಹೋಗಲಿಲ್ಲ.

ಅಷ್ಟರಲ್ಲಿ ಅವಳು ಮುಖ ಒರೆಸಿಕೊಂಡು ಬಂದಳು. ನನ್ನ ಖಾಲಿ ಹಾಳೆಯನ್ನು ನೋಡಿದಳು. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

"ಆ ಹುಡುಗಿಗೆ ಬರಿ. ಇನ್ನೂ ಮೂರು ಚಿತ್ರ ಉಳಿದಿವೆ ಅಂದ್ಲಲ್ಲ. ಬೇಕಿದ್ರೆ ಹೇಳ್ಲಿ, ನಾನೇ ಕರ್ಕೊಂಡು ಬರ್ತೀನಿ. ಇನ್ನೊಂದ್ಸಲ ಅಲುಗಾಡಿ ಕೊಡ್ತಾನೆ."

ಅಕ್ಕನ ತಮ್ಮ, ನಿನ್ನ ಅಣ್ಣ